ಪ್ರಣಿತಾ ಮೇಡಂ ಅವರನ್ನು ಕುಮಟೆಗೆ ವಾಪಸ್ ಕಳಿಸಿ

ಮಕ್ಕಳ ಮನಸ್ಸಿನ ಆರೋಗ್ಯದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಚಿಕಿತ್ಸಕಿಗೆ ನೆರವಾಗಲೆಂದು ಯಂತ್ರ ಕೊಟ್ಟಿರಿ. ಯಂತ್ರ ಇದೆಯಲ್ಲ ಎಂದು ಮೂರೇ ತಿಂಗಳಲ್ಲಿ ಚಿಕಿತ್ಸಕಿಯನ್ನೇ ಕಾರವಾರದ ಕಚೇರಿಗೆ ಎತ್ತಂಗಡಿ ಮಾಡಿದಿರಿ. ದೋಣಿಗೆ ಇಂಜಿನ್ ಕೂರಿಸಿ, ದೋಣಿ ನಡೆಸುವ ತಾಂಡೇಲನನ್ನು ದಡದಲ್ಲಿ ಬಿಟ್ಟು ಹೋಗುವ ಜಾಣ್ಮೆ ನಮ್ಮೂರು ಮಾವಿನಕುರ್ವೆಯವರಿಗೆ ಇನ್ನೂ ಬಂದಿಲ್ಲ.

ನಾನು ಹೊನ್ನಾವರದಲ್ಲಿ ಮೀನು ಮಾರುವವಳು. ಮಗಳು ಅಂಕಿತಾಗೆ ಹದಿನಾಲ್ಕು ವರ್ಷ. ಶಾಲೆಯಲ್ಲಿ ಅವಳಿಗೆ ಸಿಕ್ಕ ಬಿರುದುಗಳು ದಡ್ಡಿ, ಸೋಂಬೇರಿ. ಅದು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ, ಬೈಗುಳಕ್ಕೆ ಬಗ್ಗುವಂಥದ್ದಲ್ಲ ಎಂದು ಮೊದಲು ಹೇಳಿದವರು ಪ್ರತಿ ಗುರುವಾರ ಕುಮಟೆಯ ಕೇಂದ್ರಕ್ಕೆ ಬರುತ್ತಿದ್ದ ಪ್ರಣಿತಾ ಮೇಡಂ. ಉಳಿದ ದಿನ ಅಂಕಿತಾ ನೀವು ಕೊಟ್ಟ ಯಂತ್ರದ, ಅಂದರೆ ಮೊಬೈಲಿನ ಕೃತಕ ಬುದ್ಧಿಮತ್ತೆಯ ಜತೆ ಮಾತಾಡುತ್ತಿದ್ದಳು. ಅದು ಸಾರಾಂಶ ಬರೆದು ಮೇಡಂಗೆ ಕಳಿಸುತ್ತಿತ್ತು. ಸುಳ್ಳೇಕೆ ಹೇಳಲಿ, ಉಪಯೋಗವಾಯಿತು. ಊಟದ ನಂತರದ ಗಣಿತದ ಪಾಠದಲ್ಲೇ ಅವಳು ಎಡವುತ್ತಾಳೆಂದು ಯಂತ್ರ ಗುರುತಿಸಿತು. ಮೇಡಂ ಮಾಸ್ತರರ ಜತೆ ಮಾತಾಡಿ, ಒಮ್ಮೆಗೆ ಒಂದೇ ಲೆಕ್ಕ ಕೊಡಿಸಿದರು. ಹುಡುಗಿ ಗಣಿತದಲ್ಲಿ ಪಾಸಾದಳು.

ಮೇಡಂ ಹೋದ ಮೇಲೆ? "ತಲೆಯೊಳಗೆ ಬಂಗಡೆ ರಾಶಿ ಪಟಪಟ ಹಾರ್ತದೆ" ಎಂದು ಮಗಳು ಯಂತ್ರಕ್ಕೆ ಹೇಳಿದಳು. "ಮೀನಿನ ಅಲರ್ಜಿ ಶಂಕೆ. ಮನೆಯಲ್ಲಿ ಮೀನು ಇಡಬೇಡಿ" ಎಂದು ಯಂತ್ರದಿಂದ ನನಗೆ ಸಂದೇಶ ಬಂತು. ಹಾಗಾದರೆ ಮೊದಲು ನನ್ನನ್ನೇ ಹೊರಗಿಡಬೇಕಿತ್ತು! ಇದಕ್ಕೆ ನಕ್ಕುಬಿಟ್ಟೆವು. ಆದರೆ ಮರುವಾರ ಅವಳು, "ಎಲ್ಲರೂ ನಗಾಡ್ತಾರೆ. ನಾ ಇನ್ನು ಶಾಲೆಗೆ ಹೋಗೂದಿಲ್ಲ" ಎಂದಾಗ ಯಂತ್ರ, "ಸ್ಪಷ್ಟ ನಿರ್ಧಾರ ತೆಗೆದುಕೊಂಡಿದ್ದೀರಿ, ಅಭಿನಂದನೆಗಳು!" ಎಂದು ಐದು ನಕ್ಷತ್ರ ಕೊಟ್ಟಿತು. ಹನ್ನೊಂದು ದಿನ ಅವಳು ಶಾಲೆಯತ್ತ ತಲೆ ಹಾಕಲಿಲ್ಲ. ನಿಮ್ಮ ವರದಿಯಲ್ಲಿ ಮಾತ್ರ ಅವಳು "ಸುಧಾರಿಸಿದ ಪ್ರಕರಣ"ವಂತೆ. ಯಾರು ಸುಧಾರಿಸಿದ್ದು ಸ್ವಾಮಿ, ಅವಳೋ, ವರದಿಯೋ?

ಮೀನಿನ ಬುಟ್ಟಿ ಬದಿಗಿಟ್ಟು, ಅವಳನ್ನು ಕಾರವಾರದ ಬಸ್ಸು ಹತ್ತಿಸಿದೆ. ಮೇಡಂಗೆ ನೀವು ವಹಿಸಿದ ಘನಕಾರ್ಯವನ್ನು ಕಣ್ಣಾರೆ ಕಂಡೆ: ಯಂತ್ರದ ವರದಿಗಳನ್ನು ಜೋಡಿಸಿ ಪಿನ್ ಹೊಡೆಯುವುದು. ಅವರು ಎದ್ದು ಬಂದು ಹೊರಗಿನ ಬೆಂಚಿನಲ್ಲಿ ಅವಳ ಪಕ್ಕ ಕುಳಿತರು.

"ಎಂತ ಆತು, ಅಂಕಿತಾ?"

ಅವಳು ಕಾಲು ಅಲ್ಲಾಡಿಸತೊಡಗಿದಳು. ಮೇಡಂ ಅವಸರ ಮಾಡಲಿಲ್ಲ. ಕೊನೆಗೆ ಅವಳೇ, "ನಾ ದಡ್ಡಿ ಅಲ್ಲ ಅಲ್ದಾ, ಮೇಡಂ?" ಎಂದು ಬಿಕ್ಕಿದಳು. ಹೆತ್ತ ನನ್ನ ಮುಂದೆಯೂ ಬಾಯಿಗೆ ಬಾರದ ಮಾತು ಅದು. ಸೋಮವಾರ ಶಾಲೆಗೆ ಹೋದಳು. ಇನ್ನೂ ಹೆದರುತ್ತಾಳೆ, ಆದರೆ ಹೋಗುತ್ತಾಳೆ.

ಯಂತ್ರವನ್ನು ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಮೇಡಂ ಕೈಯಲ್ಲಿದ್ದಾಗ ಅದೂ ಬುದ್ಧಿವಂತವೇ ಆಗಿತ್ತು. ಮುಂದಿನ ಗುರುವಾರ ಮೇಡಂ ಕುಮಟೆಯಲ್ಲಿರಬೇಕು, ಅಷ್ಟೆ. ಇಲ್ಲವಾದರೆ ಅಂಕಿತಾಳ ಜತೆ ಆ ಕೇಂದ್ರಕ್ಕೆ ಬರುವ ಉಳಿದ ಇಪ್ಪತ್ತಾರು ಮಕ್ಕಳನ್ನೂ ನಿಮ್ಮ ಕೊಠಡಿಗೇ ಕರೆತರುತ್ತೇವೆ. ಅವರಲ್ಲಿ ಒಬ್ಬರೂ ಐದು ನಿಮಿಷ ಸುಮ್ಮನೆ ಕೂರುವವರಲ್ಲ.

ಇಂತಿ,
ನಿಮ್ಮ ಕಡತದಲ್ಲಿ "ಪಾಲಕರು" ಎಂದಷ್ಟೇ ನಮೂದಾಗಿರುವ
ಸುಚಿತಾ, ಮಾವಿನಕುರ್ವೆ