ಬೆನ್ನಿನ ಮೇಲಿನ ಕೆಮ್ಮಣ್ಣು

ದೇವಸಮುದ್ರ
9 ಸೆಪ್ಟೆಂಬರ್ 2025, ಮಂಗಳವಾರ

ಪ್ರೀತಿಯ ಮೊಮ್ಮಗಳು ರಶ್ಮಿತಾಗೆ,

ಇದು ನಿನ್ನ ಅಪ್ಪನ ಅಪ್ಪ ಜಂಪಣ್ಣ ಬರೆದದ್ದು. ನಿನಗೆ ಇಬ್ಬರು ತಾತಂದಿರು ಇರುವುದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಗಿದ್ದೀ? ಕಂಪ್ಯೂಟರ್ ನೋಡಿ ನೋಡಿ ಕಣ್ಣುರಿ ಅಂದಿದ್ದೆಯಲ್ಲ, ನೆತ್ತಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತೀಯೋ, ಚಳ್ಳಕೆರೆ ಸೇರಿದ ಮೇಲೆ ಅದರ ವಾಸನೆ ಆಗುವುದಿಲ್ಲವೋ? ನಿನ್ನ ಅಜ್ಜಿ ಸೂರಮ್ಮನ ಮಂಡಿನೋವು ಹಾಗೇ ಇದೆ. ನನಗೆ ಏನೂ ಆಗಿಲ್ಲ, ಕೋಪ ಬಿಟ್ಟರೆ. ಫೋನ್ ಮಾಡಿದರೆ ನಾನು ಬೈಯುತ್ತೇನೆ, ನೀನು "ಆಮೇಲೆ ಮಾಡ್ತೀನಿ ತಾತ" ಅಂತ ಇಟ್ಟುಬಿಡುತ್ತೀ. ಪತ್ರ ಮಧ್ಯದಲ್ಲಿ ಕಟ್ ಆಗುವುದಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಅಕ್ಷರ, ನಗದೆ ಓದು.

ಕುರಿ ದಾಖಲೆಯ ಕಂಪ್ಯೂಟರ್ ಕೆಲಸ ಮಾಡುವ ನೀನು ಸಂಘದವರಿಗೆಂದು ಬರೆದ ಕಿವಿಮಾತಿನ ಹಾಳೆಗಳು ಇಲ್ಲಿಗೂ ಬಂದವು. ನಮ್ಮೂರ ಕುರಿ ಸಂಘದ ಕಾರ್ಯದರ್ಶಿ ಅಂಜಿನೇಯ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಓದಿ ಹೇಳಿದ. ತಾಲ್ಲೂಕಿನ ಒಂದೊಂದು ಕುರಿಯ ಕಿವಿಯೋಲೆ ನಂಬರು, ಚುಚ್ಚುಮದ್ದು, ವಿಮೆ ಎಲ್ಲ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ ಇರುತ್ತದಂತೆ, ಅದಕ್ಕೆ ಕ್ಲೌಡ್ ಅನ್ನುತ್ತಾರಂತೆ. ಸ್ಕ್ರಿಪ್ಟ್ ಅಂದರೆ ಆ ಕಂಪ್ಯೂಟರಿಗೆ ಬರೆದುಕೊಟ್ಟ ಕೆಲಸದ ಚೀಟಿಯಂತೆ, ನಾವು ಎದುರಿಗೆ ನಿಂತು ಹೇಳಬೇಕಾಗಿಲ್ಲವಂತೆ. ಪಾಸ್‌ವರ್ಡನ್ನು ಸ್ಕ್ರಿಪ್ಟಿನೊಳಗೆ ಬರೆದಿಡಬೇಡಿ ಅಂದಿದ್ದೀ. ಸರಿ, ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕುವವರು ಉಂಟೇ? ಸರ್ವರ್ ಅನ್ನುವ ಆ ಬಾಡಿಗೆ ಕಂಪ್ಯೂಟರು ಕೆಲಸವಿಲ್ಲದಾಗ ಸಂಜೆ ತಾನೇ ನಿಲ್ಲುವಂತೆ ಮಾಡಿ, ಬಾಡಿಗೆ ಓಡುತ್ತಿರುತ್ತದೆ ಅಂದಿದ್ದೀ. ದಾಖಲೆಯ ನಕಲು, ಅದೇ ಬ್ಯಾಕಪ್, ಬೇರೆ ಜಾಗದಲ್ಲಿಡಿ, ಇಟ್ಟರೆ ಸಾಲದು, ತಿಂಗಳಿಗೊಮ್ಮೆ ಅದರಿಂದ ದಾಖಲೆ ವಾಪಸು ಬರುತ್ತದೋ ಇಲ್ಲವೋ ತೆಗೆದು ನೋಡಿ ಅಂದಿದ್ದೀ. ಒಂದೇ ಸ್ಕ್ರಿಪ್ಟ್ ತಪ್ಪಿ ಎರಡು ಸಲ ಓಡಿದರೂ ಒಂದು ಕುರಿ ಎರಡಾಗಬಾರದು ಅಂದಿದ್ದೀ. ಇಲ್ಲಿಯವರೆಗೆ ನಾನು ಮೀಸೆ ತಿರುವಿಕೊಂಡೇ ಕೇಳಿದೆ.

ಆಮೇಲೆ ಏಳನೆಯ ಕಿವಿಮಾತು ಬಂತು. ಮಾರಿಹೋದ ಕುರಿಗಳ ದಾಖಲೆ ಅಳಿಸಲು ಹೋಗಿ, 'ಮಾರಿದವು ಮಾತ್ರ' ಅನ್ನುವ ಷರತ್ತು ಹಾಕುವುದನ್ನು ಮರೆತು, ಒಂದು ಸಂಘದ ಬದುಕಿರುವ ಹನ್ನೊಂದು ನೂರು ಕುರಿಗಳನ್ನೂ ಅಳಿಸಿಬಿಟ್ಟೆಯಂತೆ. ಬ್ಯಾಕಪ್ ಇದ್ದುದರಿಂದ ಬಚಾವಾದೆಯಂತೆ. ಅಂದು ಅಳುತ್ತಾ ಕೂತಿದ್ದಾಗ ನಿನ್ನ ತಾಯಿಯ ತಂದೆ ಕಾಫಿ ಕೊಟ್ಟು ಬುದ್ಧಿ ಹೇಳಿದರಂತೆ: ಅಳಿಸಬೇಕಾದದ್ದನ್ನು ಮೊದಲು ಪಟ್ಟಿ ತೆಗೆದು ನೋಡು, ಗುರುತು ಹಾಕು, ಒಂದು ದಿನ ಹಾಗೇ ಬಿಡು, ಯಾರೂ ಬೇಡ ಅನ್ನದಿದ್ದರೆ ಮಾತ್ರ ತೆಗೆ. ಕೆಳಗೆ ಬರೆದಿದ್ದೀ, 'ಇದು ನಮ್ಮ ಚಿತ್ತಪ್ಪ ತಾತನ ಬುದ್ಧಿ'. ಅಂಜಿನೇಯ ಅದನ್ನು ಎರಡು ಸಲ ಓದಿದ. ಕಟ್ಟೆಯ ಮೇಲಿದ್ದ ಮೂಗಮ್ಮ ನನ್ನ ಮುಖ ನೋಡಿ, "ಈ ಬುದ್ಧಿ ನಿಮ್ಮನೇದಲ್ವೇನಪ್ಪ ಜಂಪಣ್ಣ, ಬೀಗರ ಮನೆ ಸೇರ್ಕಂಡೈತಲ್ಲ" ಅಂದಳು.

ನನ್ನ ಹೊಟ್ಟೆ ಉರಿಯುತ್ತಿದೆ, ಮುಚ್ಚಿಡುವುದಿಲ್ಲ. ಬೀಗ ಚಿತ್ತಪ್ಪ ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷ ಕಡಲೆಕಾಯಿ ತೂಗಿದವನು. ಕುರಿ ಒದ್ದರೆ ಯಾವ ಕಾಲಲ್ಲಿ ಒದೆಯುತ್ತದೆ ಅಂತ ಅವನಿಗೆ ಗೊತ್ತಿಲ್ಲ. ನಿನ್ನ ಅಪ್ಪನ ಮದುವೆಗೆ ಮುಂಚೆ ನಮ್ಮ ಮನೆ ನೋಡಲು ಬಂದಾಗ ಕುರಿ ಕೂಡುವ ರೊಪ್ಪದ ಬೇಲಿಗೆ ಕೈಯಿಟ್ಟು, "ಇದೇನ್ರಿ ಬೀಗರೇ, ಕುರಿಗೂ ಕುಂಕುಮ ಇಡ್ತೀರಾ?" ಅಂತ ಕೇಳಿದ್ದ. ನಾನೇ ಬಿಡಿಸಿ ಹೇಳಿದೆ. ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು.

ಅವನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ, ಕೇಳು. ನಿನ್ನ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ವ್ಯಾಪಾರಿ ಅವಸರ ಮಾಡಿದನೆಂದು ಬೆಳಗಿನ ಮಬ್ಬಿನಲ್ಲೇ ಹದಿನೈದು ಕುರಿ ಹಿಡಿದು ಲಾರಿಗೆ ಹತ್ತಿಸಿದೆ. ಬಿಸಿಲೇರಿದ ಮೇಲೆ ಹಿಂಡು ಬಿಟ್ಟರೆ ಒಂದೂ ಕದಲಲಿಲ್ಲ. ಮುಂದೆ ನಡೆದು ದಾರಿ ತೋರಿಸುತ್ತಿದ್ದ ಬಿಳಿಹಣೆ ಕುರಿಯೇ ಲಾರಿ ಹತ್ತಿಹೋಗಿತ್ತು. ಬಸ್ಸು ಹಿಡಿದು ಚಳ್ಳಕೆರೆಗೆ ಓಡಿದೆ, ಸಿಗಲಿಲ್ಲ. ಅಲ್ಲಿಂದ ಮುಂದೆ ಮನೆಯಲ್ಲಿ ಕಟ್ಟಳೆಯಾಯಿತು. ಕೊಡುವ ಕುರಿಯ ಬೆನ್ನಿಗೆ ಮೊದಲು ಕೆಮ್ಮಣ್ಣು ಹಚ್ಚಬೇಕು, ಒಂದು ಹಗಲು ಹಿಂಡಿನಲ್ಲೇ ಮೇಯಲು ಬಿಡಬೇಕು, ಮನೆಯವರೆಲ್ಲ ನೋಡಬೇಕು. ಮಾರನೆಯ ದಿನ ಲಾರಿ. ನಿನ್ನ ಕಂಪ್ಯೂಟರಿನ ಬುದ್ಧಿ ಹುಟ್ಟಿದ್ದು ಈ ರೊಪ್ಪದಲ್ಲಿ, ಮಿಲ್ಲಿನ ತಕ್ಕಡಿಯಲ್ಲಲ್ಲ.

ಚಿತ್ತಪ್ಪನ ಮನೆಯಲ್ಲಿ ಇದ್ದು ಕೆಲಸಕ್ಕೆ ಹೋಗುತ್ತೀ, ಇರು, ಬೇಡ ಅನ್ನಲಿಲ್ಲ. ಯುಗಾದಿಗೂ ಅಲ್ಲೇ ಉಳಿದೆ, ನುಂಗಿಕೊಂಡೆ. ನಿನಗೆ ಹೊದೆಯಲೆಂದು ನಾನು ಕೊಟ್ಟ ಕಂಬಳಿ ಚಿತ್ತಪ್ಪನ ಕುರ್ಚಿಯ ಮೇಲೆ ಮಡಚಿಕೊಂಡು ಕೂತಿರುವುದನ್ನು ಅಂಜಿನೇಯನ ಫೋನಿನ ಫೋಟೋದಲ್ಲಿ ಕಂಡೆ, ಅದನ್ನೂ ನುಂಗಿಕೊಂಡೆ. ಆದರೆ ಹನ್ನೊಂದು ನೂರು ಕುರಿ ಕಳೆದ ದಿನ ನೀನು ಅತ್ತದ್ದು ಅವನ ಮುಂದೆ. ನನಗೆ ಅದು ಕಟ್ಟೆಯ ಮೇಲೆ, ಅಚ್ಚಾದ ಹಾಳೆಯಿಂದ ತಿಳಿಯಿತು. ಕುರಿ ಕಳೆದುಕೊಂಡವರು ಕುರಿ ಕಳೆದುಕೊಂಡವನ ಹತ್ತಿರ ಅಳಬೇಕಲ್ಲವೇನೇ?

ಹಾಳೆ ಪುಸ್ತಕವಾಗಿ ಎಲ್ಲ ಸಂಘಗಳಿಗೂ ಹೋಗುತ್ತದಂತೆ, ಶುಕ್ರವಾರ ಪ್ರೆಸ್ಸಿಗೆ ಕೊಡುತ್ತೀಯಂತೆ. ಏಳನೆಯದರಲ್ಲಿ ಚಿತ್ತಪ್ಪನ ಹೆಸರು ತೆಗೆದು ನನ್ನ ಹೆಸರು ಹಾಕು. ಬೇಡವಾದರೆ ಏಳನೆಯದನ್ನೇ ಬಿಟ್ಟು ಅಚ್ಚು ಹಾಕಿಸು.

ಹೊತ್ತಿಗೆ ಸರಿಯಾಗಿ ಉಣ್ಣು. ಕಣ್ಣು ಜೋಪಾನ. ಬೀಗರಿಗೂ ನಮಸ್ಕಾರ ತಿಳಿಸು, ತಿಳಿಸದಿದ್ದರೆ ಅದನ್ನೂ ಹೇಳಿಕೊಂಡು ತಿರುಗುತ್ತಾನೆ. ನೀನು ನೂರು ಕಾಲ ಬಾಳು.

ನಿನ್ನ ತಾತ
ಜಂಪಣ್ಣ

ತಾ.ಕ.: ಈ ಕವರು ಒಯ್ಯುವ ಬಸ್ಸು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕವರು ಅಂಟಿಸುವ ಮುಂಚೆ ಇದನ್ನು ನಿನ್ನ ಅಜ್ಜಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಪೂರ್ತಿ ಕೇಳಿ, "ಕೆಮ್ಮಣ್ಣು ಕಲಸಿದ್ದು ಯಾರು, ಅದನ್ನೂ ಬರೀರಿ" ಅಂದಳು. ಬರೆಯುತ್ತೇನೆ. ಬಿಳಿಹಣೆ ಕುರಿ ಹೋದ ಮುಂದಿನ ವರ್ಷ ನಾನು ಮತ್ತೆ ಅದೇ ಅವಸರದಲ್ಲಿದ್ದೆ. ಅವಳು ಕೆಮ್ಮಣ್ಣು ಕಲಸಿ, ಅಂಗೈ ಅದ್ದಿ, ಮಾರಲಿದ್ದ ಹತ್ತು ಕುರಿಗಳ ಬೆನ್ನಿಗೂ ಒತ್ತಿ, "ಇವತ್ತು ಬ್ಯಾಡ, ನಾಳೆ ಕೊಡಿ, ನಾನೊಂದು ಕಿತ ನೋಡ್ತೀನಿ" ಅಂದಳು. ನಾನು ಊರು ಕೇಳುವಂತೆ ಬೈದೆ. ಸಂಜೆಯೊಳಗೆ ಆ ಹತ್ತರಲ್ಲಿ ಎರಡು ಗಬ್ಬದ ಕುರಿ ಹುಡುಕಿ ಹೊರಗೆಳೆದಳು. ಚಿತ್ತಪ್ಪನಿಗೆ ಹೇಳುವಾಗಲೂ ನಾನು ಅವಳ ಹೆಸರು ಎತ್ತಿರಲಿಲ್ಲ. ಏಳನೆಯದರ ಕೆಳಗೆ ಸೂರಮ್ಮ, ದೇವಸಮುದ್ರ ಎಂದು ಹಾಕು. ಅವನ ಹೆಸರನ್ನೂ, ಮೇಲೆ ನಾನು ಹಾಕು ಅಂದ ನನ್ನ ಹೆಸರನ್ನೂ ತೆಗೆ. ಆದರೆ ಇವತ್ತೇ ಬೇಡ. ಎರಡಕ್ಕೂ ಕೆಂಪು ಗುರುತು ಹಾಕಿ ಒಂದು ದಿನ ಇಡು, ಅವನೂ ಒಮ್ಮೆ ನೋಡಲಿ. ಆಮೇಲೆ ಅಳಿಸು.