ಹುಣಸೆಬೀಜದ ಮಾನಿಟರ್

ಸಾಲಗಾಮೆ
29-5-1966, ಭಾನುವಾರ

ತಂಗಿ ಮಲ್ಲಿಗಮ್ಮನಿಗೆ ಅಕ್ಕ ಬೆಟ್ಟಮ್ಮನ ನೆನಪುಗಳು.

ಈಗ ಸಂಜೆ ಐದು ಗಂಟೆ. ಬೆಳಗಿನಿಂದ ಮಂಚಯ್ಯನವರ ಹಟ್ಟಿಯಲ್ಲಿ ಬಿತ್ತನೆ ಆಲೂಗಡ್ಡೆ ಕೊಯ್ದೆವು. ಹೋಳಿಗೊಂದು ಕಣ್ಣು ಉಳಿಯುವ ಹಾಗೆ ಕೊಯ್ಯಬೇಕು, ಇಲ್ಲದಿದ್ದರೆ ಮೊಳೆಯುವುದಿಲ್ಲ. ಬೆರಳೆಲ್ಲ ಅಂಟಾಗಿದೆ, ಕಾಗದಕ್ಕೆ ಕಲೆ ಹತ್ತಿದ್ದರೆ ಬೇಸರ ಮಾಡಿಕೊಳ್ಳಬೇಡ. ಅವ್ವ ಹೋದ ಮೇಲೆ ಸಂಜೆ ಹೊತ್ತು ಎರಡು ಸಾಲು ಬರೆದಿಡುವ ಅಭ್ಯಾಸವಾಗಿದೆ. ಇವತ್ತು ಅದನ್ನು ಬಿಟ್ಟು ನಿನಗೆ ಬರೆಯುತ್ತಿದ್ದೇನೆ.

ಸಣ್ಣಕ್ಕನನ್ನು ಓದಲು ನಿನ್ನ ಹತ್ತಿರ ಬೆಂಗಳೂರಿಗೆ ಕಳಿಸು ಎಂದು ನೀನು ಯುಗಾದಿಯಲ್ಲಿ ಕೇಳಿದ್ದೆ. ನನಗಿರುವುದು ಅವಳೊಬ್ಬಳೇ ಮಗಳು. ಇಷ್ಟು ದಿನ ನಾನು ಉತ್ತರ ಬರೆಯಲಿಲ್ಲ. ಕೆಲಸ ಜಾಸ್ತಿ ಎಂದು ನಿನ್ನ ಭಾವನ ಹತ್ತಿರ ಹೇಳಿಸಿದೆ. ಕೆಲಸವಲ್ಲ ಮಲ್ಲಿಗೆ, ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕಿದೆ, ಸಿಗಲಿಲ್ಲ.

ಅವ್ವ ಹಾಸಿಗೆ ಹಿಡಿದಾಗ ತೊಳೆದವಳು, ಗಂಜಿ ಕುಡಿಸಿದವಳು ನಾನು. ಅವಳು ಮಾತ್ರ ಬಾಗಿಲು ಕಿರುಗುಟ್ಟಿದರೆ ಸಾಕು, ಮಲ್ಲಿಗೆ ಬಂದಳಾ ಎನ್ನುತ್ತಿದ್ದಳು. ನೋಡಲು ಬಂದವರಿಗೆಲ್ಲ ನಿನ್ನ ಆಫೀಸಿನ ಯಂತ್ರದ ಸುದ್ದಿ. ಒಂದು ದಿನ ನನ್ನ ಕೈ ಹಿಡಿದುಕೊಂಡು, "ಮಲ್ಲಿಗಾ, ಯಾವಾಗ್ ಬಂದ್ಯವ್ವ" ಎಂದಳು. ನಾನು, "ಈಗ್ಲೇ ಬಂದೆ ಕಣವ್ವ" ಎಂದೆ. ಆಮೇಲೆ ನೀನು ಮಣ್ಣಿಗೆ ಬಂದಾಗ ಊರಿನವರೆಲ್ಲ ನಿನ್ನನ್ನು ತಬ್ಬಿಕೊಂಡು ಅತ್ತರು. ನಾನು ಬಂದವರಿಗೆ ನೀರು ಕೊಡುತ್ತಿದ್ದೆ.

ಅವ್ವನೊಂದಿಗೆ ಈ ಕಿಚ್ಚೂ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಸಣ್ಣಕ್ಕನಿಗೆ ನಿನ್ನ ಪತ್ರ ಬಂತು. ಆ ಕಂಪ್ಯೂಟರ್ ಎಂಬ ಯಂತ್ರ ಹೇಗೆ ಶುರುವಾಗುತ್ತದೆ ಎಂದು ಅವಳು ಕೇಳಿದ್ದಳಂತೆ. ನನ್ನನ್ನು ಕೇಳದೆ ನಿನ್ನನ್ನು ಕೇಳಿದಳು, ನನಗೇನು ಗೊತ್ತು ಎಂದು. ನೀನು ಬರೆದದ್ದನ್ನು ಅವಳು ರಾಗಿ ಬೀಸುವಾಗ ನನಗೆ ಓದಿ ಹೇಳಿದಳು.

ಯಂತ್ರದ ನೆನಪಿನಲ್ಲಿ ಸಾಲು ಸಾಲು ಮನೆಗಳು, ಒಂದೊಂದಕ್ಕೂ ನಂಬರು. ಆದರೆ ಬೆಳಗ್ಗೆ ಅದಕ್ಕೆ ಏನೂ ಬಾರದು, ಓದುವುದೂ ಬಾರದು. ಅದಕ್ಕೇ ಮೊದಲು ನೀನೇ ಎದುರಿನ ಗುಂಡಿಗಳನ್ನು ಒತ್ತಿ ನಾಲ್ಕಾರು ಆಜ್ಞೆಗಳನ್ನು ಮೊದಲ ಮನೆಗಳಲ್ಲಿ ಕೂರಿಸುತ್ತೀಯ. ಅವಕ್ಕೆ ಗೊತ್ತಿರುವುದು ಒಂದೇ ಕೆಲಸ: ತೂತು ಹೊಡೆದ ಕಾಗದದ ಪಟ್ಟಿಯಿಂದ ಒಂದು ತೆಗೆದುಕೋ, ಒಂದು ಮನೆಯಲ್ಲಿಡು, ಮುಂದಿನ ಮನೆಗೆ ನಡೆ. ಹೀಗೆ ಅವು ಒಂದು ಗಿಡ್ಡ ಪಟ್ಟಿಯನ್ನು ಒಳಗೆ ತರುತ್ತವೆ. ಆ ಗಿಡ್ಡ ಪಟ್ಟಿ ಸ್ವಲ್ಪ ಜಾಣೆ, ತಪ್ಪಿದ್ದರೆ ಕಂಡುಹಿಡಿಯಬಲ್ಲದು. ಅದು ದೊಡ್ಡ ಸುರುಳಿಯನ್ನು ಓದಿ ಮಾನಿಟರ್ ಎಂಬ ಆಜ್ಞೆಗಳ ದೊಡ್ಡ ಗುಂಪನ್ನು ಕರೆತರುತ್ತದೆ. ಮಾನಿಟರ್ ಬಂದು ಕೂತ ಮೇಲೆ ಯಜಮಾನಿಕೆಯೆಲ್ಲ ಅವನದು. ಯಾರ ಲೆಕ್ಕ ಮೊದಲು, ಯಾವುದು ಅಚ್ಚಾಗಬೇಕು, ಎಲ್ಲ.

ನೀನು ಮಾಡಿದ ತಪ್ಪನ್ನೂ ಬರೆದಿದ್ದೆ. ಗಿಡ್ಡ ಪಟ್ಟಿ ಕೂತಿದ್ದ ಮನೆಗಳ ಮೇಲೆಯೇ ಮಾನಿಟರನ್ನು ಇಳಿಸಿಬಿಟ್ಟೆ. ಓದುವವಳೇ ಅಳಿಸಿಹೋಗಿ ಯಂತ್ರ ನಡುವೆ ನಿಂತಿತು. ಇಂಜಿನಿಯರ್ ಬಸವರಾಜು, "ಕೂತಿರೋ ಕೊಂಬೆನೇ ಕಡ್ಕೊಂಡ್ರಲ್ಲಮ್ಮ" ಎಂದು ನಕ್ಕರಂತೆ. ಅಂದಿನಿಂದ ಗಿಡ್ಡ ಪಟ್ಟಿಯನ್ನು ಕಟ್ಟಕಡೆಯ ಮನೆಗಳಲ್ಲಿ ಇಡುತ್ತೀರಿ. ಮೊದಲು ಕೈಯಿಂದ ಕೂರಿಸಿದ್ದವು ಏನಾಗುತ್ತವೆ ಎಂದು ಸಣ್ಣಕ್ಕನನ್ನು ಕೇಳಿದೆ. "ಅವುಕ್ಕೆ ಕೆಲ್ಸ ಮುಗೀತಲ್ಲ. ಮಾನಿಟರ್ರು ಅವುಗಳ ಮನೆ ಮ್ಯಾಲೇ ಬಂದು ಕೂತ್ಕತ್ತಾನೆ" ಎಂದಳು.

ಬೀಸುವುದನ್ನು ನಿಲ್ಲಿಸಿ ಎದ್ದುಹೋದೆ. ನಿನಗೆ ಅಕ್ಷರ ಕಲಿಸಿದವಳು ನಾನು, ಒಲೆಯ ಬೂದಿ ಹರಡಿ, ನಿನ್ನ ಬೆರಳು ಹಿಡಿದು. ಅದು ನಿನಗೆ ನೆನಪಿದೆಯೋ ಇಲ್ಲವೋ ನಾನು ಕೇಳಿಲ್ಲ.

ನಿನ್ನೆ ಶನಿವಾರ ಸಣ್ಣಕ್ಕ ಬೀದಿಯ ಮಕ್ಕಳನ್ನು ಕಟ್ಟಿಕೊಂಡು ಅಂಗಳದಲ್ಲಿ ಬಳಪದಿಂದ ಮನೆಗಳನ್ನು ಬರೆದಳು. ಮೊರದ ತುಂಬ ಹುಣಸೆಬೀಜ, ಅದೇ ಪಟ್ಟಿ. ಒಂದು ಆಳು ಕಡಿಮೆ ಬಿತ್ತು ಎಂದು ನನ್ನನ್ನು ಎಳೆದು, ಕೈಯಿಂದ ಕೂರಿಸುವ ಆಜ್ಞೆ ನೀನು ಎಂದು ಮೊದಲ ಮನೆಯಲ್ಲಿ ನಿಲ್ಲಿಸಿದಳು. ಬಗ್ಗಿ ಬೀಜ ತೆಗೆಯುವುದು, ಕೊನೆಯ ಸಾಲಿನ ಮನೆಗಳಿಗೆ ಒಂದೊಂದಾಗಿ ಹಾಕುವುದು, ತಿರುಗಿ ಬಂದು ನನ್ನ ಮನೆಯಲ್ಲಿ ನಿಲ್ಲುವುದು. ಕೊನೆಯ ಸಾಲು ತುಂಬಿದಾಗ ಎದುರು ಮನೆ ಬೈರಮ್ಮನ ಮಗಳು ಅಲ್ಲಿ ನಿಂತು ಗಿಡ್ಡ ಪಟ್ಟಿಯಾದಳು. ಇನ್ನು ಮಾನಿಟರ್ ಬರಬೇಕು. ಸಣ್ಣಕ್ಕ ಬೊಗಸೆ ತುಂಬ ಬೀಜ ಹಿಡಿದು ನನ್ನೆದುರು ನಿಂತಳು.

"ಜರುಗವ್ವ."

"ಎಲ್ಲಿಗೆ?"

"ಗೆರೆಯಿಂದ ಆಚಿಗೆ. ಈ ಮನೆ ಮಾನಿಟರ್ದು."

"ಇಷ್ಟೊತ್ತೂ ಹೊತ್ತು ಹಾಕ್ದೋಳು ನಾನು. ನನ್ ಮನೆಯಿಂದ ನನ್ನೇ ಓಡಿಸ್ತೀಯೇನೇ?"

ಜಗುಲಿಯಲ್ಲಿ ಕೂತಿದ್ದ ಬೈರಮ್ಮ, "ಅತ್ತೆ ಆಚಿಗಾಕಿದ್ರೂ ಮನೆ ಬುಡ್ದೋಳು ಕಣೇ ನಿಮ್ಮವ್ವ, ಬಳಪದ್ ಮನೆ ಬುಟ್ಟಾಳಾ?" ಎಂದಳು. ಮಕ್ಕಳೆಲ್ಲ ನಕ್ಕವು. ನಾನು ನಗಲಿಲ್ಲ, ಜರುಗಲೂ ಇಲ್ಲ. ಆಟ ನಿಂತೇ ಹೋಯಿತು.

ಸಣ್ಣಕ್ಕ ನನ್ನ ಮುಖವನ್ನೇ ನೋಡಿದಳು. ಅಳಲಿಲ್ಲ, ರೇಗಲಿಲ್ಲ. "ಇರ್ಲಿ ಬುಡವ್ವ. ನಂಗೂ ಆಟ ಸಾಕು" ಎಂದು ಬೊಗಸೆಯ ಬೀಜವನ್ನು ಮೊರಕ್ಕೆ ಸುರಿದು, ಸೆರಗಿನಂತೆ ಲಂಗದ ತುದಿ ಎತ್ತಿಕೊಂಡು ಉಳಿದವನ್ನೂ ಆರಿಸತೊಡಗಿದಳು.

ಆ ಮಾತು ನನ್ನದು, ಮಲ್ಲಿಗೆ. ಹಾಸನದ ಹಾಸ್ಟೆಲಿಗೆ ಒಬ್ಬಳನ್ನು ಮಾತ್ರ ಸೇರಿಸಬಹುದು ಎಂದು ಗಂಗಯ್ಯ ಮೇಷ್ಟ್ರು ಮನೆಗೆ ಬಂದು ಹೇಳಿದ ದಿನ ಅವ್ವ ನಮ್ಮಿಬ್ಬರನ್ನೂ ಹೀಗೇ ನೋಡುತ್ತ ನಿಂತಿದ್ದಳು. ನಾನು, "ಇರ್ಲಿ ಬುಡವ್ವ, ನಂಗೂ ಓದು ಸಾಕು" ಎಂದೆ. ಸಾಕಾಗಿರಲಿಲ್ಲ. ಅವ್ವನಿಗೂ ಅದು ಗೊತ್ತಿತ್ತು, ಆದರೂ ಒಪ್ಪಿಕೊಂಡಳು. ನಿನ್ನೆ ನಾನೂ ಹಾಗೆಯೇ ಒಪ್ಪಿಕೊಂಡುಬಿಡುತ್ತಿದ್ದೆ.

ಗೆರೆ ದಾಟಿ ಆಚೆ ಬಂದೆ. "ಸುರಿಯೇ, ನಿನ್ ಮಾನಿಟರ್ನ" ಎಂದೆ. ಅವಳು ನಂಬಲಿಲ್ಲ, ಎರಡು ಸಲ ಹೇಳಬೇಕಾಯಿತು. ಕೋಣೆಗೆ ಹೋಗಿ ನಿನ್ನ ಭಾವನಿಗೆ ಸೋಮವಾರವೇ ಹುಡುಗಿಯನ್ನು ಕರೆದುಕೊಂಡು ಹೊರಡಿ ಎಂದೆ. ಅವರು, "ಮತ್ತೆ ಇನ್ನೊಂದ್ ಗಳಿಗೆಗೆ ಬ್ಯಾಡ ಅಂದ್ಗಿಂದೀಯ" ಎಂದರು. ಅನ್ನುವುದಿಲ್ಲ ಎಂದೆ. ಅದಕ್ಕೇ ಈ ಪತ್ರವನ್ನು ಅಂಚೆಗೆ ಹಾಕದೆ ಅವರ ಕೈಯಲ್ಲೇ ಕೊಡುತ್ತಿದ್ದೇನೆ; ಇದು ನಿನ್ನ ಕೈ ಸೇರಿದಾಗ ಹುಡುಗಿ ನಿನ್ನ ಎದುರಿಗೇ ಇರುತ್ತಾಳೆ.

ಹೊಟ್ಟೆಕಿಚ್ಚು ಹೋಯಿತು ಎಂದು ತಿಳಿಯಬೇಡ. ನೀನು ಅವಳಿಗೆ ಪುಸ್ತಕ ತೆಗೆದುಕೊಡುವುದನ್ನು, ಅವಳು ನಿನ್ನ ಜೊತೆ ಬೀದಿಯಲ್ಲಿ ನಡೆಯುವುದನ್ನು ನೆನೆದರೆ ಈಗಲೂ ಎದೆ ಉರಿಯುತ್ತದೆ. ಅದಕ್ಕೇ ಒಂದು ಮಾತು ನಡೆಸಿಕೊಡು. ಅವಳು ನಿನ್ನನ್ನು ಚಿಕ್ಕವ್ವ ಎಂದೇ ಕರೆಯಬೇಕು. ಬಾಯಿತಪ್ಪಿ ಅವ್ವ ಎಂದರೂ ಅವತ್ತೇ ತಿದ್ದು. ನೀನು ತಿದ್ದುತ್ತೀಯ ಎಂದು ನಂಬಿದ್ದೇನೆ. ರಾತ್ರಿ ಹೊದಿಕೆ ಒದೆಯುತ್ತಾಳೆ, ನೋಡಿಕೋ. ಮೊಸರು ಇಲ್ಲದೆ ಮುದ್ದೆ ಇಳಿಯುವುದಿಲ್ಲ.

ನಿನ್ನ ಅಕ್ಕ,
ಬೆಟ್ಟಮ್ಮ

ಮರೆತೆ: ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದೇನೆ. ನೀನು ಬಾಚುವುದು ಚೆನ್ನಾಗಿರುತ್ತದೆ, ಗೊತ್ತು. ಆದರೂ ಅದು ತಾನಾಗಿ ಸಡಿಲವಾಗುವ ತನಕ ಬಿಚ್ಚಬೇಡ. ಬಸ್ಸಿನ ತನಕ ಬರುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ, ನಿನ್ನ ಭಾವನಿಗೂ ಹಾಗೇ ಹೇಳಿದ್ದೇನೆ. ನಾಳೆ ಬೆಳಗ್ಗೆ ಏಳಕ್ಕೆ ಹಾಸನದ ಬಸ್ಸು. ಆದರೆ ಆರಕ್ಕೆಲ್ಲ ನಾನು ಮಂಚಯ್ಯನವರ ಹೊಲದಲ್ಲಿ ಗಡ್ಡೆ ಬಿತ್ತಲು ಹೋಗುತ್ತೇನೆ.