ಮಟಕಿಯವರು ತೀರಿಕೊಂಡ ವರ್ಷ

ಜೇವರ್ಗಿ
೧೧ ಜನವರಿ ೧೯೯೯

ಸುಂದರಾ, ನಿನಗೂ ನಿನ್ನ ಮನೆಯವರಿಗೂ ಅಕ್ಕ ಕಸ್ತೂರಿಯ ಶರಣು.

ಮಗಳ ಲಗ್ನದ ಕಾರ್ಡು ಹಂಚಲು ಸುರು ಮಾಡಿದ್ದರೆ ಅಫಜಲಪುರದ ಮಾಮಾನದೊಂದನ್ನು ಸದ್ಯ ಎತ್ತಿಡು. ಕಾರಣವನ್ನು ಭೂಸನೂರಿಗೇ ಬಂದು ಹೇಳಬಹುದಿತ್ತು. ಆದರೆ ನಿನ್ನ ಅತ್ತೆ, ನಾದಿನಿಯರ ನಡುವೆ ಕೂತು ಆಡುವ ಮಾತಲ್ಲ ಇದು. ಓದಿದ ಮೇಲೆ ಯಾರ ಕೈಗೂ ಸಿಗದ ಕಡೆ ಇಡು.

ನಮ್ಮ ಆಸ್ಪತ್ರೆ ಇರುವ ಜಾಗದಲ್ಲಿ ನಿಜಾಮನ ಕಾಲದಲ್ಲಿ ಕುಷ್ಠರೋಗಿಗಳ ಆಶ್ರಮ ಇತ್ತೆಂದು ನಿನಗೆ ಗೊತ್ತು. ಅದು ಐವತ್ತೆರಡರಲ್ಲಿ ಮುಚ್ಚಿತಂತೆ. ಎಷ್ಟೋ ವರ್ಷ ಹಾಳುಬಿದ್ದ ಮೇಲೆ ಟ್ರಸ್ಟಿನವರು ಅದೇ ಕಟ್ಟಡದಲ್ಲಿ ಆಸ್ಪತ್ರೆ ತೆಗೆದರು. ಆಶ್ರಮದ ಉರ್ದು ದಫ್ತರುಗಳಿಗೆ ಗೆದ್ದಲು ಹತ್ತಿದ್ದರಿಂದ ಹತ್ತು ವರ್ಷದ ಹಿಂದೆ ಹಸನಸಾಬ ಎಂಬ ಹಳೆಯ ಮುನಶಿಯವರನ್ನು ಕೂಡಿಸಿ, ಅವರು ಓದಿ ಹೇಳಿದ್ದನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ದಫ್ತರು ಮಣ್ಣಾದವು, ಹಸನಸಾಬರೂ ತೀರಿಹೋದರು. ಈಗ ಉಳಿದಿರುವುದು ಕಂಪ್ಯೂಟರಿನ ಒಳಗಿರುವುದಷ್ಟೇ.

ಬರುವ ವರ್ಷ ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳಿಗೆ ತಲೆ ಕೆಡುತ್ತದೆ ಎಂದು ಪೇಪರಿನಲ್ಲಿ ಓದಿರಬೇಕು ನೀನು. ವರ್ಷಕ್ಕೆ ಎರಡೇ ಅಂಕಿ ಇಟ್ಟದ್ದೇ ತೊಂದರೆಯಂತೆ. ಅದಕ್ಕೆ ಗುಲಬರ್ಗಾದಿಂದ ಪಾಂಡುರಂಗ ಎಂಬ ಕಂಪ್ಯೂಟರ್ ಹುಡುಗ ಬಂದು, ಎಲ್ಲ ವರ್ಷಗಳ ಹಿಂದೆ ಹತ್ತೊಂಬತ್ತನ್ನು ಸೇರಿಸಿ ನಾಲ್ಕು ಅಂಕಿ ಮಾಡಿದ್ದಾನೆ. ಹೆಸರುಗಳು ಸರಿ ಉಳಿದಿವೆಯೇ ಎಂದು ನೋಡುವ ಕೆಲಸ ನನಗೆ ಬಂತು. ಪರದೆಯ ಮೇಲೆ ಕಂಡದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಶಾಂತಲಿಂಗಪ್ಪ. ಊರು ಮಟಕಿ. ಹತ್ತಿರದವರು: ಹೆಂಡತಿಯ ಅಣ್ಣ ದೌಲತರಾಯ, ಅಫಜಲಪುರ. ಮರಣ: ೧೯೫೮.

ಇವರು ಅವ್ವನ ಮೊದಲ ಗಂಡ, ಸುಂದರಾ. ನಾವು ಸಣ್ಣವರಿದ್ದಾಗಿನಿಂದ ಹೆಸರು ಹಿಡಿಯದೆ ‘ಮಟಕಿಯವರು’ ಎಂದೇ ಕೇಳಿಕೊಂಡು ಬಂದವರು. ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದರು, ಅಲ್ಲೇ ಜ್ವರ ಬಂದು ತೀರಿದರು, ಸುದ್ದಿಯನ್ನು ಮಾಮಾ ತಂದ ಎಂದಲ್ಲವೆ ನಮಗೆ ಹೇಳಿದ್ದು? ಅದಾದ ಮೇಲೆ ಐವತ್ತೊಂದರಲ್ಲಿ ಮಾಮಾನೇ ಮುಂದೆ ನಿಂತು ತನ್ನ ಜೀವದ ಗೆಳೆಯನೊಂದಿಗೆ, ಅಂದರೆ ನಮ್ಮ ಅಪ್ಪನೊಂದಿಗೆ, ಅವ್ವನ ಎರಡನೆಯ ಲಗ್ನ, ಉಡಿಕಿ, ಮಾಡಿಸಿದ. ನಾನು ಹುಟ್ಟಿದ್ದು ಐವತ್ತಮೂರರಲ್ಲಿ, ನೀನು ಐವತ್ತಾರರಲ್ಲಿ. ಆ ಮನುಷ್ಯ ಐವತ್ತೆಂಟರವರೆಗೆ ಇಲ್ಲಿ, ನಾನು ದಿನಾ ಓಡಾಡುವ ಈ ಗೋಡೆಗಳ ಒಳಗೆ, ಜೀವಂತ ಇದ್ದ!

ರೋಗಕ್ಕೆ ನಾನು ಅಂಜುವುದಿಲ್ಲ. ಗುಳಿಗೆ ನುಂಗಿ ವಾಸಿಯಾಗಿ ಹೋಗುವವರನ್ನು ದಿನಾ ನೋಡುತ್ತೇನೆ. ನನ್ನನ್ನು ಸುಡುವುದು ಆ ವರ್ಷ. ಬದುಕಿದ್ದವನನ್ನು ಸತ್ತನೆಂದು ಹೇಳಿ ಮಾಮಾ ತಂಗಿಯನ್ನು ಗೆಳೆಯನ ಮನೆ ತುಂಬಿಸಿದನೆ? ಅಪ್ಪನಿಗೂ ಗೊತ್ತಿತ್ತೆ? ನಿನ್ನೆ ಅಪ್ಪನ ಫೋಟೊಕ್ಕೆ ಹೂವೇರಿಸಲು ಕೈ ಏಳಲಿಲ್ಲ ನನಗೆ.

ಏನಾದರೂ ತಪ್ಪಾಗಿದೆಯೇ ಎಂದು ಪಾಂಡುರಂಗನನ್ನು ಕೇಳಿದೆ. “ಮಷಿನ್ ಸುಳ್ಳು ಹೇಳಂಗಿಲ್ರಿ ಅಕ್ಕೋರೆ. ಹಳೇ ಫೈಲಿನಾಗ ಐವತ್ತೆಂಟು ಅಂತಾನೇ ಅದ, ನೋಡ್ರಿ” ಎಂದು ತೆಗೆದು ತೋರಿಸಿದ. ಇನ್ನೊಂದು ಮಾತು. ಐವತ್ತೆರಡರಲ್ಲಿ ಮುಚ್ಚಿದ ಆಶ್ರಮದಲ್ಲಿ ಅರವತ್ತರವರೆಗೆ ಜನ ಸತ್ತದ್ದು ಅದೇ ಫೈಲಿನಲ್ಲಿದೆ. ಮುಚ್ಚಿದೆವು ಎಂದು ಹೊರಗೆ ಹೇಳಿ ಒಳಗೆ ಯಾರನ್ನು ಇಟ್ಟುಕೊಂಡಿದ್ದರು? ಯಾರು ಹೇಳಿ ಇಡಿಸಿದ್ದರು? ಒಂದು ಎಳೆ ಜಗ್ಗಿದರೆ ನಾಲ್ಕು ಬಿಚ್ಚುತ್ತಿವೆ.

ಮಾಮಾನಿಗೆ ಬೇಕೆಂದೇ ಮೂರು ಸಾಲು ಬರೆದಿದ್ದೇನೆ: ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮಟಕಿಯವರ ಹೆಸರು ಸಿಕ್ಕಿದೆ, ಆಶ್ರಮದಲ್ಲಿ ಐವತ್ತೆಂಟರಲ್ಲಿ ತೀರಿದರೆಂದಿದೆ, ನಿಮಗೆ ಇದು ಗೊತ್ತಿತ್ತೆ? ಇಷ್ಟೇ. ನನಗೆ ಎಷ್ಟು ತಿಳಿದಿದೆ ಎಂದು ಗೊತ್ತಾದರೆ ಮಾತು ತಿರುಗಿಸಿಬಿಡುತ್ತಾನೆ. ಅವನೇ ಬಾಯಿ ಬಿಡಲಿ.

ಅವ್ವನ ಹತ್ತಿರ ಉಸಿರೆತ್ತಬೇಡ.

ನಿನ್ನ ಅಕ್ಕ,
ಕಸ್ತೂರಿಬಾಯಿ

ತಾ.ಕ.: ಆಳಂದಕ್ಕೆ ಫೋನು ಮಾಡುವಾಗ ನಿನ್ನ ದನಿ ಬದಲಾಗದಂತೆ ನೋಡಿಕೊ. ಅವ್ವ ಅದನ್ನು ತಟ್ಟನೆ ಹಿಡಿಯುತ್ತಾಳೆ.


ಅಫಜಲಪುರ
೨೨ ಜನವರಿ ೧೯೯೯

ಚಿ. ಸೌ. ಕಸ್ತೂರಿಗೆ, ದೌಲತರಾಯ ಮಾಮಾನ ಆಶೀರ್ವಾದ.

ನಿನ್ನ ಕಾಗದ ಬಂತು. ಊಟ ಸೇರಲಿಲ್ಲ. ಆ ಹೆಸರನ್ನು ಇನ್ನು ಯಾರೂ ಎತ್ತುವುದಿಲ್ಲ ಎಂದುಕೊಂಡಿದ್ದೆ.

ನೀನು ಬರೆದದ್ದು ನಿಜ. ಅವರು ಆಶ್ರಮದಲ್ಲೇ ತೀರಿದರು, ಐವತ್ತೆಂಟರಲ್ಲಿ. ನನಗೆ ಗೊತ್ತಿತ್ತೆ ಎಂದು ಕೇಳುತ್ತೀ. ಮಣ್ಣು ಕೊಟ್ಟವನೇ ನಾನು. ಮುನಶಿ ದಫ್ತರಿನಲ್ಲಿ ಬರೆಯುವಾಗ ಅವನ ಎದುರಿಗೆ ನಿಂತಿದ್ದೆ. ಓದಿ ಹೇಳಿಸಿಕೊಂಡೇ ರುಜು ಹಾಕಿದೆ.

ನಿನ್ನವ್ವಗೆ ಮುಚ್ಚಿಟ್ಟೆ. ಇವತ್ತಿಗೂ ಅದು ತಪ್ಪೆಂದು ನನಗೆ ಅನ್ನಿಸಿಲ್ಲ. ನಾಲ್ಕು ಮಂದಿಗೆ ತಿಳಿದಿದ್ದರೆ ಅವಳಿಗೆ ಒಂದು ಮನೆ ಎಲ್ಲಿರುತ್ತಿತ್ತು? ನೀವು ಎಲ್ಲಿರುತ್ತಿದ್ದಿರಿ? ನಿನ್ನಪ್ಪ ದೊಡ್ಡ ಮನುಷ್ಯ. ಅವನೊಬ್ಬನಿಗೆ ಎಲ್ಲ ಹೇಳಿದ್ದೆ. “ನನ್ನ ಬಾಯಿಂದ ಹೊರಗ ಬೀಳಂಗಿಲ್ಲೋ ದೌಲತ್ಯಾ” ಅಂದ. ಸಾಯುವ ತನಕ ಹಾಗೇ ನಡೆದುಕೊಂಡ.

ನೀನು ಕಲಿತವಳು. ನಿನ್ನವ್ವಗೆ ಇದನ್ನು ಹೇಳಿ ಈ ವಯಸ್ಸಿನಲ್ಲಿ ಅವಳ ಎದೆ ಒಡೆಯಬೇಡ. ಈ ಕಾಗದ ಓದಿ ಹರಿದು ಹಾಕು.

ದೌಲತರಾಯ

ತಾ.ಕ.: ಸುಂದರಾಳ ಮಗಳ ಲಗ್ನದ ಕಾರ್ಡು ಊರಲ್ಲಿ ಎಲ್ಲರಿಗೂ ಬಂದಿದೆ. ನನಗೆ ಬಂದಿಲ್ಲ.


ಜೇವರ್ಗಿ
೪ ಫೆಬ್ರುವರಿ ೧೯೯೯

ಸುಂದರಾ, ನಿನಗೆ ಅಕ್ಕನ ಶರಣು. ಮಾಮಾನ ಕಾರ್ಡನ್ನು ಇವತ್ತೇ ಕಳಿಸು. ಸಾಧ್ಯವಾದರೆ ನೀನೇ ಅಫಜಲಪುರಕ್ಕೆ ಹೋಗಿ, ಉಡಿ ತುಂಬಿಸಿಕೊಂಡು, ಕೈಯಾರೆ ಕೊಟ್ಟು ಬಾ. ಯಾಕೆ ಎಂಬುದನ್ನು ಮುಂದೆ ಓದು.

ಮಾಮಾನ ಕಾಗದವನ್ನು ನಿನಗೆ ಫೋನಿನಲ್ಲಿ ಓದಿ ಹೇಳಿದಾಗ ನಾವಿಬ್ಬರೂ ಏನೇನು ಆಡಿಕೊಂಡೆವೋ ಅದನ್ನು ಮತ್ತೆ ಬರೆಯುವುದಿಲ್ಲ. ತಾನೇ ಮಣ್ಣು ಕೊಟ್ಟೆ ಅನ್ನುತ್ತಾನೆ, ವರ್ಷವನ್ನೂ ಒಪ್ಪುತ್ತಾನೆ, ಅಪ್ಪನಿಗೂ ಗೊತ್ತಿತ್ತು ಅನ್ನುತ್ತಾನೆ. ಇನ್ನೇನು ಉಳಿಯಿತು ಅನ್ನಿಸಿತ್ತು ನನಗೆ. ಅವ್ವನೊಬ್ಬಳು ಏನೂ ಅರಿಯದೆ ಇವರಿಬ್ಬರ ನಡುವೆ ಮೋಸ ಹೋದಳು ಎಂದುಕೊಂಡು ಭಾನುವಾರ ಆಳಂದದ ಬಸ್ಸು ಹತ್ತಿದೆ. ಹೇಳಿಬಿಡಬೇಕು ಎಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ತಮ್ಮ ನಾಗಣ್ಣ ಅಂಗಡಿಗೆ ಹೋಗಿದ್ದ, ಅವನ ಹೆಂಡತಿ ನೀರಿಗೆ. ಅವ್ವ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನೂ ಮೊರದ ಎದುರಿಗೆ ಕೂತೆ. ಜೋಡಿಸಿಟ್ಟ ಮಾತು ಒಂದೂ ಬರಲಿಲ್ಲ. ಸುತ್ತಿ ಬಳಸಿ, ನಾವು ಹುಟ್ಟಿದ್ದು, ಅಪ್ಪನ ನೌಕರಿ ಎಂದೆಲ್ಲ ಕೇಳುತ್ತ, “ಅವ್ವಾ, ಮಟಕಿಯವರು ತೀರಿಕೊಂಡಿದ್ದು ಯಾವಾಗ?” ಅಂದೆ.

ಕೈ ನಿಲ್ಲಿಸದೆ, “ಐವತ್ತೆಂಟರಾಗ” ಅಂದಳು.

ಮಾಮಾನ ಮೇಲೆ, ಅಪ್ಪನ ಮೇಲೆ ಇದ್ದ ಅನುಮಾನವೆಲ್ಲ ಒಂದೇ ಕ್ಷಣಕ್ಕೆ ತಿರುಗಿ ಅವ್ವನ ಮೇಲೆ ಬಂದು ಕೂತಿತು. ಇವಳಿಗೂ ಗೊತ್ತಿತ್ತು! ಗೊತ್ತಿದ್ದೂ ಇನ್ನೊಬ್ಬರ ಮನೆ ಸೇರಿ, ನಮ್ಮನ್ನು ಹೆತ್ತು, ಇಷ್ಟು ವರ್ಷ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದಾಳೆ. ಆ ಹೊತ್ತಿಗೆ ನನಗೆ ಅವಳ ಮುಖ ಬೇರೆಯವರ ಮುಖದಂತೆ ಕಂಡಿತು, ಸುಂದರಾ. ದೇವರಾಣೆ, ನಿನ್ನ ಹತ್ತಿರ ಸುಳ್ಳಾಡುವುದಿಲ್ಲ.

“ನಾ ಯಾವಾಗ ಹುಟ್ಟಿದ್ನಿ?” ಅಂದೆ.

“ಈಗರೆ ಹೇಳಿದ್ನೆಲ್ಲ. ನೀ ಐವತ್ಮೂರರಾಗ ಹುಟ್ಟಿದಾಕಿ.”

“ಹಂಗಾರ ನಾ ಹುಟ್ಟಿದಾಗ ಅವರು ಇದ್ದರು.”

ಅವ್ವ ಆಗ ಕೈ ನಿಲ್ಲಿಸಿ ನನ್ನನ್ನು ನೋಡಿದಳು. “ತಲಿ ನೆಟ್ಟಗದ ಏನು ನಿಂದು? ಅವರು ಸತ್ತು ನಾಕು ವರ್ಷಕ್ಕ ನೀ ಹುಟ್ಟಿದಿ.”

“ಐವತ್ಮೂರು ಮೊದಲು ಬರ್ತದೋ ಐವತ್ತೆಂಟು ಮೊದಲು ಬರ್ತದೋ, ನೀನೇ ಹೇಳು.” ನನ್ನ ದನಿ ಏರಿತ್ತು.

“ಐವತ್ತೆಂಟೇ ಮೊದಲು!” ಎಂದು ಅವ್ವನೂ ದನಿ ಏರಿಸಿದಳು. “ಅದು ಫಸಲಿ ಬೇ! ಹದಿಮೂರನೂರಾ ಐವತ್ತೆಂಟು. ನಿಜಾಮನ ಸನ್ನು, ಆಗಿನ ವರ್ಷದ ಲೆಕ್ಕ. ಪೊಲೀಸ್ ಆಕ್ಷನ್ ಆದ ಮರು ಬ್ಯಾಸಗಿ. ನೀ ಹುಟ್ಟೂದ್ರಾಗ ಸರ್ಕಾರ ಬದಲಾತು, ಸನ್ನೂ ಬದಲಾತು. ಹಿಂದಿಂದು ಹಿಂದಿನ ಲೆಕ್ಕದಾಗ ಹೇಳ್ತೀವಿ, ಈಗಿಂದು ಈಗಿನ ಲೆಕ್ಕದಾಗ. ಇಷ್ಟು ಸಾಲಿ ಕಲತಾಕಿ, ಇದು ತಿಳೀಲಿಲ್ಲೇನು ನಿನಗ?”

ಪೊಲೀಸ್ ಆಕ್ಷನ್ ನಲವತ್ತೆಂಟರದು. ಮರು ಬೇಸಗೆ ಅಂದರೆ ನಲವತ್ತೊಂಬತ್ತು. ಅವ್ವನ ಉಡಿಕಿಗೆ ಎರಡು ವರ್ಷ ಮೊದಲು.

ಫಸಲಿ ಎಂಬ ಮಾತನ್ನು ಹೊಲದ ಕಾಗದಪತ್ರದ ವಿಷಯ ಬಂದಾಗ ಕೇಳಿದ್ದೆ. ಅದು ಆಗಿನ ಜನರು ಹುಟ್ಟು ಸಾವು ಎಣಿಸಿದ ವರ್ಷ ಎಂದು ಹೊಳೆದೇ ಇರಲಿಲ್ಲ. ಹಸನಸಾಬರು ದಫ್ತರಿನಲ್ಲಿ ಇದ್ದದ್ದನ್ನೇ ಓದಿದರು, ಕಂಪ್ಯೂಟರಿನಲ್ಲಿ ಎರಡೇ ಅಂಕಿಗೆ ಜಾಗ ಇತ್ತು, ಹದಿಮೂರನೂರು ಹೊರಗೆ ಉಳಿಯಿತು. ಆಗ ಅಲ್ಲಿದ್ದವರಿಗೆಲ್ಲ ಅದು ಫಸಲಿ ಎಂದು ಗೊತ್ತಿದ್ದುದರಿಂದ ಯಾರೂ ಬರೆದಿಡಲಿಲ್ಲ. ಪಾಂಡುರಂಗನಿಗೆ ಅದು ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಹತ್ತೊಂಬತ್ತನೂರು ಬಂದು ಕೂತಿತು. ಒಂದು ಅಂಕಿಯೂ ಅಳಿಸಿರಲಿಲ್ಲ, ಆದರೂ ಸತ್ತವರು ಒಂಬತ್ತು ವರ್ಷ ಹೆಚ್ಚು ಬದುಕಿದರು.

ಮಾಮಾನೂ ನನ್ನ ‘ಐವತ್ತೆಂಟ’ನ್ನು ತನ್ನ ಐವತ್ತೆಂಟೆಂದೇ ಓದಿಕೊಂಡಿದ್ದಾನೆ. ಅವನು ಮುಚ್ಚಿಟ್ಟದ್ದು ರೋಗವನ್ನು, ಅಷ್ಟೇ. ಗಂಡನಿಗೆ ಆ ರೋಗ ಇತ್ತೆಂದು ಗೊತ್ತಾದರೆ ತಂಗಿಯನ್ನು ಯಾರೂ ಮನೆಗೆ ಕರೆದುಕೊಳ್ಳುವುದಿಲ್ಲವೆಂದು ಸೊಲ್ಲಾಪುರದ ಕಥೆ ಕಟ್ಟಿದ. ಅಪ್ಪನೊಬ್ಬನಿಗೆ ನಿಜ ಹೇಳಿದ. ಅಪ್ಪ ಎಲ್ಲ ತಿಳಿದೂ ಅವ್ವನ ಕೈ ಹಿಡಿದ. ಆ ಕಾಗದವನ್ನು ಈಗ ಓದಿ ನೋಡು, ಒಂದು ಮಾತೂ ಬದಲಾಗದೆ ಪೂರ್ತಿ ಬೇರೆಯೇ ಕಾಗದವಾಗಿರುತ್ತದೆ.

ಅವ್ವ ಮಾತ್ರ, “ಇದೆಲ್ಲ ಯಾಕ ಕೇಳಿದಿ?” ಎಂದು ಬಿಡಲೇ ಇಲ್ಲ. ಮಟಕಿ ಕಡೆಯವರೊಬ್ಬರು ಆಸ್ಪತ್ರೆಗೆ ಬಂದಿದ್ದರು, ಮಾತಿಗೆ ಮಾತು ಬಂತು ಎಂದು ಹೇಳಿದೆ. ಆಶ್ರಮದ ಸುದ್ದಿ ಎತ್ತಲಿಲ್ಲ, ಮಾಮಾನ ಕಾಗದದ ಸುದ್ದಿಯನ್ನೂ ಎತ್ತಲಿಲ್ಲ. ಅವನು ಇಷ್ಟು ವರ್ಷ ಕಾಯ್ದದ್ದನ್ನು ನಾನೇಕೆ ಒಡೆಯಲಿ?

ನಿನ್ನೆ ಪಾಂಡುರಂಗನನ್ನು ಕೂಡಿಸಿಕೊಂಡು ಫೈಲು ಸರಿ ಮಾಡಿಸಿದೆ. ಫಸಲಿ ಎಂದು ಎಣಿಸಿದರೆ ಕೊನೆಯ ಸಾವೂ ಆಶ್ರಮ ಮುಚ್ಚುವುದಕ್ಕೆ ಮೊದಲೇ ಬಂತು. ಮುಚ್ಚಿದ ಮೇಲೆ ಅಲ್ಲಿ ಯಾರೂ ಇರಲಿಲ್ಲ. ವರ್ಷ ತಿದ್ದಿದ್ದಷ್ಟೇ ಸಾಲದು ಎಂದು ಫೈಲಿನ ತಲೆಯ ಮೇಲೆ ನಾನೇ ಹೇಳಿ ಬರೆಸಿದೆ. ಮೂಲದಲ್ಲಿದ್ದದ್ದು ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ, ಅದು ಇಸವಿಯಲ್ಲ, ಇಂಥ ರೀತಿಯಲ್ಲಿ ಬದಲಿಸಿದ್ದೇವೆ, ಇಸವಿ ಎಂದರೆ ಇಂಥದ್ದು ಎಂದು ಬಿಡಿಸಿ ಬಿಡಿಸಿ.

“ಇಸವಿ ಅಂದ್ರೇನು ಅಂತ ಯಾಕ ಬರೀಬೇಕ್ರಿ ಅಕ್ಕೋರೆ? ಅದು ಎಲ್ಲಾರಿಗೂ ಗೊತ್ತದ” ಅಂದ.

“ಹಸನಸಾಬರೂ ಹಂಗೇ ಅಂದ್ಕೊಂಡಿದ್ರಪ್ಪ. ಬರಿ” ಅಂದೆ.

ಬರೆದ.

ಲಗ್ನಕ್ಕೆ ಎರಡು ದಿನ ಮೊದಲೇ ಬರುತ್ತೇನೆ. ಮಾಮಾನನ್ನು ಮುಂದಿನ ಸಾಲಿನಲ್ಲಿ ಕೂಡಿಸು.

ನಿನ್ನ ಅಕ್ಕ,
ಕಸ್ತೂರಿ

ತಾ.ಕ.: ಇದನ್ನು ಬರೆಯುವುದೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟಿದ್ದೆ. ನಾನು ಇಲ್ಲಿ ನೌಕರಿಗೆ ಸೇರಿ ಇಷ್ಟು ವರ್ಷವಾದರೂ ಅವ್ವ ಒಂದು ದಿನ ಜೇವರ್ಗಿಗೆ ಬಂದವಳಲ್ಲ. ಭಾನುವಾರ ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದಿದ್ದಳು. ನಾನು ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ನಿಮ್ಮ ದವಾಖಾನಿ ಗೇಟಿನ ಬಾಜೂಕ ಭೇಟಿಗೆ ಬಂದವರು ಕೂಡೂ ಕಲ್ಲಿನ ಕಟ್ಟಿ ಇತ್ತು. ಇನ್ನಾ ಅದ ಏನು?” ಹೌದು ಎಂದು ತಲೆಯಾಡಿಸಿದೆ. “ದೌಲತನ ಮುಂದ ಹೇಳಬ್ಯಾಡ. ನನಗೇನೂ ಗೊತ್ತಿಲ್ಲ ಅಂತ ಅವ ನೆಮ್ಮದಿಲೆ ಇದ್ದಾನ” ಅಂದಳು. ಅಷ್ಟರಲ್ಲಿ ಬಸ್ಸು ಹೊರಟಿತು.